ಗಿಟುಕಾಗೋ ತನಕ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಲ್ಲಿ ಒಂದು ತೋಟದ ಮನೆ. ಅಟ್ಟದ ತುಂಬ ಕಾಯಿ. ಜಗಲಿಯ ಮೇಲೆ, ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದ ಸೋದರಮಾವ. ಎದುರಿಗೆ ಬೆಂಗಳೂರಿನಿಂದ ಬಂದ ಸೋದರಳಿಯ, ಕೈಯಲ್ಲಿ ಅಂಗೈಯಷ್ಟೇ ಇರುವ ರೆಕಾರ್ಡರು. ಸಂಜೆ ಕರೆಂಟು ಹೋಗಿತ್ತು. ರಾತ್ರಿ ಊಟದ ತನಕ ನಡೆದ ಮಾತು ಇದು.

ಮಾವ: ಏನಯ್ಯ ಅದು, ಅರ್ಧ ಗಂಟೆಯಿಂದ ನೋಡ್ತಾ ಇದೀನಿ. ಕಾಯಿ ವ್ಯಾಪಾರಕ್ಕೆ ಬಂದೋನ ಥರ ಒಂದೊಂದೇ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾ ಇದೀಯ.

ಅಳಿಯ: ಸದ್ದು ಹಿಡೀತಾ ಇದೀನಿ ಮಾವ. ಕೆಲವು ಕುಳುಕುಳು ಅಂತವೆ, ಕೆಲವು ಏನೂ ಅನ್ನಲ್ಲ, ಕೆಲವು ಗಡಗಡ ಅಂತವೆ.

ಮಾವ: ಕುಳುಕುಳು ಅನ್ನೋದು ಇನ್ನೂ ಹಸಿ, ನೀರೈತೆ. ಏನೂ ಅನ್ನದೇ ಇರೋದು ನೀರು ಇಂಗಿರೋದು, ಆದ್ರೆ ಕೊಬ್ಬರಿ ಕರಟ ಬಿಟ್ಟಿಲ್ಲ. ಗಡಗಡ ಅಂದ್ರೆ ಬಿಟ್ಟೈತೆ, ಗಿಟುಕಾಗೈತೆ. ಅಟ್ಟ ಹತ್ತಿಸಿದ ಮೇಲೆ ಎಂಟು ಹತ್ತು ತಿಂಗಳು ಕಾಯಬೇಕು. ಅವಸರ ಬಿದ್ದು ಒಡೆದ್ರೆ ಕೊಬ್ಬರಿ ಕರಟಕ್ಕೆ ಅಂಟ್ಕೊಂಡು ಚೂರಾಗುತ್ತೆ, ಉಂಡೆ ಬರಲ್ಲ. ಉಂಡೆ ಇದ್ರೇ ತಿಪಟೂರಲ್ಲಿ ಬೆಲೆ. ಅದಿರಲಿ, ಈ ಸದ್ದು ನಿನಗ್ಯಾಕೆ?

ಅಳಿಯ: ಆಲ್ಬಂ ಮಾಡ್ತಾ ಇದೀನಿ. ಹನ್ನೊಂದು ಹಾಡು, ಎಲ್ಲ ಸೇರಿ ಒಂದೇ ಕಥೆ. ಈ ಅಟ್ಟದಿಂದ ಕೊಬ್ಬರಿ ಇಳಿದು ಪೇಟೆಗೆ ಹೋಗೋ ಒಂದೇ ಒಂದು ದಿನದ ಕಥೆ. ರ‍್ಯಾಪಲ್ಲಿ.

ಮಾವ: ಮದುವೆ ಮನೇಲಿ ಹಾಕ್ತಾರಲ್ಲ, ಪೆಗ್ಗಿನ ಹಾಡು, ಅದಾ?

ಅಳಿಯ: ಚಂದನ್ ಶೆಟ್ಟಿಯವರ ‘3 ಪೆಗ್’ ಬಂದಿದ್ದು 2016ರಲ್ಲಿ. ಕನ್ನಡದಲ್ಲೂ ರ‍್ಯಾಪ್ ಅಂತ ಒಂದಿದೆ ಅಂತ ನಮ್ಮೂರಿನ ಹುಡುಗರಿಗೆ ಗೊತ್ತಾಗಿದ್ದೇ ಅದರಿಂದ, ಅದನ್ನ ನಾನು ಹಗುರ ಮಾಡಲ್ಲ. ಆದ್ರೆ ಅದು ಬಿಡಿ ಹಾಡು. ಒಂದು ಹಾಡಿಗೂ ಇನ್ನೊಂದು ಹಾಡಿಗೂ ಸಂಬಂಧ ಇರಲ್ಲ. ಕನ್ನಡದಲ್ಲಿ ನಾವೆಲ್ಲ ಮಾಡೋದು ಹೆಚ್ಚಾಗಿ ಅದನ್ನೇ. ನನಗೆ ಬೇಕಿರೋದು, ಮೊದಲನೇ ಹಾಡು ಕೇಳದೇ ಇದ್ರೆ ಐದನೇದು ಅರ್ಥ ಆಗಬಾರದು, ಅಂಥದ್ದು.

ಮಾವ: ಅಂಥದ್ದು ಎಲ್ಲಾದ್ರೂ ಐತಾ?

ಅಳಿಯ: ಅಮೆರಿಕದಲ್ಲಿ ಕೆಂಡ್ರಿಕ್ ಲಾಮಾರ್ ಅಂತ. ಕಾಂಪ್ಟನ್ ಅನ್ನೋ ಊರಿನವರು. 2012ರಲ್ಲಿ ಅವರದ್ದೊಂದು ಆಲ್ಬಂ ಬಂತು, ‘ಗುಡ್ ಕಿಡ್, ಮ್ಯಾಡ್ ಸಿಟಿ’. ಮುಖಪುಟದಲ್ಲೇ ‘ಕಿರುಚಿತ್ರ’ ಅಂತ ಬರ್ಕೊಂಡಿದ್ದಾರೆ. ಹದಿನೇಳರ ಹುಡುಗ ಅಮ್ಮನ ವ್ಯಾನ್ ತಗೊಂಡು ಹೊರಗೆ ಹೋಗ್ತಾನೆ. ಹಾಡಿನ ಮಧ್ಯೆ ಮಧ್ಯೆ ಅಮ್ಮನ ಫೋನ್ ಮೆಸೇಜು ಬರುತ್ತೆ: ವ್ಯಾನ್ ಯಾವಾಗ ತರ್ತೀಯ, ನಾನು ಹೊರಗೆ ಹೋಗ್ಬೇಕು ಅಂತ. ಅಪ್ಪ ಅದೇ ಫೋನಲ್ಲಿ ತನ್ನ ಡಾಮಿನೋ ಆಟದ ಬಿಲ್ಲೆ ಎಲ್ಲಿ ಅಂತ ಕೇಳ್ತಾನೆ. ಅಷ್ಟರಲ್ಲಿ ಅಲ್ಲಿ ಹುಡುಗನ ಜೀವಕ್ಕೇ ಅಪಾಯ ಬಂದಿರುತ್ತೆ. ಮನೇಲಿರೋರಿಗೆ ಅದು ಗೊತ್ತಿಲ್ಲ, ಕೇಳೋ ನಮಗೆ ಗೊತ್ತು.

ಮಾವ: ಅವ್ವ ವ್ಯಾನಿಗೆ ಕಾಯ್ತಾ ಇರ್ತಾಳೆ, ಮಗ ಸಾವಿನ ಬಾಗಿಲಲ್ಲಿ ನಿಂತವ್ನೆ. ಇದು ದೊಡ್ಡ ಕಥೆಗಾರನ ಕೆಲಸ. ನಮಗೆ ಗೊತ್ತಿರೋದು ಕಥೆಯೊಳಗಿನೋರಿಗೆ ಗೊತ್ತಿಲ್ಲ ಅಂದಾಗಲೇ ಎದೆ ಹೊಡ್ಕೊಳ್ಳೋದು. ಆದ್ರೆ ಇದನ್ನ ನಾನು ಕೇಳಿಲ್ಲ ಅಂದ್ಕೋಬೇಡ. ನಮ್ಮೂರಲ್ಲೇ ಕೇಳಿದೀನಿ. ಕ್ಯಾಸೆಟ್ಟಲ್ಲಿ.

ಅಳಿಯ: ಕ್ಯಾಸೆಟ್ಟಲ್ಲಾ? ಭಾವಗೀತೆನಾ?

ಮಾವ: ಭಾವಗೀತೆ ಅಲ್ಲ. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು, ಆಮೇಲೆ ಕ್ಯಾಸೆಟ್ಟು ಅನ್ನೋದು ಪ್ಯಾಟೆ ಮನೆಗಳಲ್ಲಿ ಕೂತ್ಕೊಂಡ್ತು. ಅದು ಬಿಡಿ ಪದ್ಯಗಳ ಮಾಲೆ, ಬಲು ಚೆಂದ. ನಾನು ಹೇಳ್ತಿರೋದು ಗುರುರಾಜುಲು ನಾಯ್ಡು ಅವರ ಹರಿಕಥೆ. ಸಿನಿಮಾದಲ್ಲಿ ಅರುಣ್ ಕುಮಾರ್ ಅಂತ ಪಾರ್ಟು ಮಾಡ್ತಿದ್ರಲ್ಲ, ಅವರೇ. ಜಾತ್ರೆ ಬರಲಿ, ಮನೆ ಒಕ್ಕಲು ಬರಲಿ, ಮೈಕ್ ಸೆಟ್ಟಿನವನು ಬಂದು ತೆಂಗಿನ ಮರಕ್ಕೆ ಎರಡು ಹಾರ್ನ್ ಕಟ್ತಿದ್ದ. ಬೆಳಗಿನ ಜಾವ ಸುಪ್ರಭಾತ. ರಾತ್ರಿ ಊಟ ಆದ್ಮೇಲೆ ನಾಯ್ಡು ಅವರ ಹರಿಕಥೆ. ತೋಟದ ಮನೆಗಳಲ್ಲಿ ಇದ್ದೋರೆಲ್ಲ ಇದ್ದಲ್ಲೇ ಕೇಳೋರು. ‘ನಲ್ಲತಂಗ’ ಕೇಳಿದೀಯಾ?

ಅಳಿಯ: ಹೆಸರು ಕೇಳಿದೀನಿ. ಅಮ್ಮ ಹೇಳ್ತಿದ್ಳು.

ಮಾವ: ನಿಮ್ಮಮ್ಮ ಹೇಳದೆ ಇನ್ಯಾರು ಹೇಳ್ತಾರೆ. ತಮಿಳು ನಾಡಿನ ಕಡೆ ಕಥೆ ಅದು. ನಲ್ಲತಂಗಳನ್ನ ದೂರದೂರಿಗೆ ಕೊಟ್ಟಿರ್ತಾರೆ. ಅಲ್ಲಿ ಬರ ಬೀಳುತ್ತೆ. ಏಳು ಮಕ್ಕಳು, ಹೊಟ್ಟೆಗಿಲ್ಲ. ಅಣ್ಣನ ಮನೆ ಐತಲ್ಲ ಅಂತ ಮಕ್ಕಳನ್ನ ಕಟ್ಕೊಂಡು ತವರಿಗೆ ಬರ್ತಾಳೆ. ಅಣ್ಣ ಮನೇಲಿಲ್ಲ. ಅತ್ತಿಗೆ ಕದ ತೆಗೆಯಲ್ಲ, ತೆಗೆದ್ರೂ ಊಟ ಇಲ್ಲ. ಕೊನೆಗೆ ಒಂದೊಂದೇ ಮಗೂನ ಬಾವಿಗೆ ಹಾಕಿ ತಾನೂ ಬೀಳ್ತಾಳೆ. ನಾಯ್ಡು ಅವರು ಆ ಬಾವಿ ಹತ್ರ ಬಂದಾಗ ಹಾಡು ನಿಲ್ಲಿಸಿಬಿಡೋರು, ಬರೀ ಮಾತು. ಆ ಮಾತಿಗೆ ಊರೇ ಅಳ್ತಿತ್ತು. ನಾನು, ನಿಮ್ಮಮ್ಮ ಇದೇ ಜಗಲೀಲಿ ಚಾಪೆ ಮೇಲೆ ಕೂತಿದ್ವಿ. ನಿಮ್ಮಮ್ಮ ಆಗ ಇನ್ನೂ ಲಂಗ ದಾವಣಿ ಹುಡುಗಿ. ಕಥೆ ಮುಗಿದ ಮೇಲೆ ನನ್ನ ಕೈ ಹಿಡ್ಕೊಂಡು ಕೇಳಿದ್ಳು, ‘ಅಣ್ಣ, ನಾನು ಬಂದಾಗ ನೀನು ಮನೇಲಿರ್ತೀಯಾ?’ ಅಂತ. ಅವತ್ತಿಂದ ಇವತ್ತಿನವರೆಗೂ ನಿಮ್ಮಮ್ಮ ಬರ್ತಾಳೆ ಅಂತ ಗೊತ್ತಾದ್ರೆ ನಾನು ಹುಳಿಯಾರು ಸಂತೆಗೂ ಹೋಗಿಲ್ಲ.

ಅಳಿಯ: ಇದನ್ನ ಅಮ್ಮ ನನಗೆ ಹೇಳೇ ಇಲ್ಲ ಮಾವ.

ಮಾವ: ಕಥೆ ಅಂದ್ರೆ ಅದು. ಒಂದು ಮನೆ ನಡವಳಿಕೇನ ನಲವತ್ತು ವರ್ಷ ಬದಲಾಯಿಸ್ತು. ಅದರ ಮಧ್ಯೆ ಏನೇನಿತ್ತು ಅಂತೀಯ? ಕರ್ನಾಟಕ ಸಂಗೀತದ ರಾಗ ಇತ್ತು, ಸಿನಿಮಾ ಧಾಟಿ ಇತ್ತು, ವಚನ ಇತ್ತು, ನಗೆಚಾಟಿಕೆ ಇತ್ತು, ಊರ ಪಟೇಲನ ದನಿ, ಮಗುವಿನ ದನಿ, ಅತ್ತಿಗೆಯ ಗದರಿಕೆ. ಒಬ್ಬನೇ ಮನುಷ್ಯ. ನಿನ್ನ ಹಿಪ್‌ಹಾಪು ಹಲವು ಬಗೆ ಕಲೆಸುತ್ತೆ ಅಂತೀಯಲ್ಲ, ಇದಕ್ಕಿಂತ ಕಲಸುಮೇಲೋಗರ ಯಾವುದೈತೆ?

ಅಳಿಯ: ಮೈಕ್ ಸೆಟ್ಟು ಅಂದ್ರಲ್ಲ, ಹಿಪ್‌ಹಾಪ್ ಹುಟ್ಟಿದ್ದೂ ಅದರಿಂದಲೇ ಮಾವ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಕೂಟ. ಸ್ಕೂಲ್ ಶುರುವಾಗೋ ಮುಂಚೆ ಬಟ್ಟೆಗೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್ಬೆಲ್ ಅನ್ನೋ ಹುಡುಗಿ ಏರ್ಪಾಡು ಮಾಡಿದ್ದು. ಅವಳ ಅಣ್ಣ, ಡಿಜೆ ಕೂಲ್ ಹರ್ಕ್, ಜಮೈಕಾದಿಂದ ವಲಸೆ ಬಂದ ಹುಡುಗ. ಜಮೈಕಾದಲ್ಲಿ ಬೀದಿಗೆ ದೊಡ್ಡ ದೊಡ್ಡ ಸ್ಪೀಕರ್ ತಂದಿಟ್ಟು ಹಾಡು ಹಾಕೋ ರೂಢಿ ಇತ್ತು, ಅದನ್ನೇ ಅವರು ಬ್ರಾಂಕ್ಸ್‌ನಲ್ಲಿ ಮಾಡಿದ್ರು. ಎರಡು ಪ್ಲೇಟು ಇಟ್ಕೊಂಡು, ಬರೀ ತಾಳ ಇರೋ ಜಾಗವನ್ನ ಮತ್ತೆ ಮತ್ತೆ ತಿರುಗಿಸಿದ್ರು. ಆ ತಾಳದ ಮೇಲೆ ಮೈಕ್ ಹಿಡಿದು ಮಾತಾಡಿದ್ರು. ಮಾತೇ ಮುಂದೆ ಹಾಡಾಯ್ತು.

ಮಾವ: ಅಣ್ಣ ತಂಗಿ ಅಲ್ಲೂ ಬಂದ್ರಾ. ಒಳ್ಳೇದು. ಈಗ ನಿನ್ನ ಸಂಗೀತದಲ್ಲಿ ಏನೇನು ಹಾಕಿದೀಯ ಹೇಳು.

ಅಳಿಯ: ತಳದಲ್ಲಿ 808. ಅದು 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಮಾಡಿದ ತಾಳದ ಯಂತ್ರ, ಎದೆಗೆ ಗುದ್ದಿದ ಹಾಗೆ ಸದ್ದು. ಅದರ ಮೇಲೆ ಈ ಗಿಟುಕಿನ ಗಡಗಡ. ಕಾಯಿ ಸುಲಿಯೋವಾಗ ಮಟ್ಟೆ ಹರಿಯೋ ಸದ್ದು. ನಿಮ್ಮ ಹಾರ್ಮೋನಿಯಂ. ಮೂಡಲಪಾಯದ ಮುಖವೀಣೆ ಸಿಕ್ಕಿದ್ರೆ ಅದೂ. ಒಂದು ಭಯ ಇದೆ, ಹೇಳ್ತೀನಿ. ಜಪಾನಿನ ಯಂತ್ರ, ಅಮೆರಿಕದ ಮಾತಿನ ಓಟ, ಇದೆಲ್ಲ ಸೇರಿ ಕೆಂಕೆರೆ ಅನ್ನಿಸುತ್ತಾ?

ಮಾವ: ಹಾರ್ಮೋನಿಯಂ ಎಲ್ಲಿಂದ ಬಂತು ಅಂತ ಕೇಳ್ಕೊಂಡಿದೀಯಾ? ಫ್ರಾನ್ಸಿಂದ. ನಮ್ಮ ಶ್ರುತಿಗೆ ಒಗ್ಗಲ್ಲ ಅಂತ ಆಕಾಶವಾಣಿಯೋರು 1940ರಲ್ಲಿ ಅದನ್ನ ನಿಷೇಧಿಸಿ ಮೂವತ್ತು ವರ್ಷ ದೂರ ಇಟ್ಟಿದ್ರು. ಅಷ್ಟೂ ಕಾಲ ಅದನ್ನ ಕಾಪಾಡಿದ್ದು ನಾಟಕದೋರು. ಗುಬ್ಬಿ ಇಲ್ಲಿಂದ ಎಷ್ಟು ದೂರ? ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆಮೇಲೆ ವೀರಣ್ಣನೋರು ಅದನ್ನ ಎಲ್ಲಿಗೋ ಏರಿಸಿದ್ರು. ಕಂಪನಿ ನಾಟಕದ ಮಟ್ಟುಗಳನ್ನ ಬಿಡಿಸಿ ನೋಡು. ಪಾರ್ಸಿ ನಾಟಕದ್ದು ಐತೆ, ಮರಾಠಿ ರಂಗಗೀತೆ ಐತೆ, ಹಿಂದೂಸ್ತಾನಿ ಐತೆ, ಕರ್ನಾಟಕ ಸಂಗೀತ ಐತೆ. ಅದನ್ನೆಲ್ಲ ಕೂಡಿಸಿ ನಮ್ಮ ತುಮಕೂರು ಸೀಮೆ ರೈತರು ಇವತ್ತಿಗೂ ‘ಕುರುಕ್ಷೇತ್ರ’ ಆಡ್ತಾರೆ. ಸೀನರಿ ಬಾಡಿಗೆಗೆ ತರ್ತಾರೆ, ಪಾರ್ಟಿಗೆ ಕೈಯಿಂದ ದುಡ್ಡು ಹಾಕ್ತಾರೆ, ಪೇಟಿ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಕಲೀತಾರೆ. ನಾನೂ ಕರ್ಣನ ಪಾರ್ಟು ಮಾಡಿದೋನೇ. ಆ ಪದ್ಯದ ರಾಗ ಯಾವೂರಿಂದು ಅಂತ ರಾತ್ರಿಯೆಲ್ಲ ಕೂತು ನೋಡಿದೋರು ಯಾರೂ ಕೇಳ್ಲಿಲ್ಲ. ಕರ್ಣ ಕುಂತೀನ ನೋಡಿ ಏನಂದ ಅಂತ ಕೇಳಿದ್ರು. ವಾದ್ಯ ಎಲ್ಲಿಂದಾದ್ರೂ ಬರಲಿ. ಮಾತು ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. ಎಲ್ಲಿ, ಒಂದು ಚೂರು ಹೇಳು. ಸಂಗೀತ ಬ್ಯಾಡ, ಬರೀ ಮಾತು.

ಅಳಿಯ: ಎರಡನೇ ಹಾಡಿಂದ ಹೇಳ್ತೀನಿ.
‘ಬೆಳಗಿನ್ ಜಾವ ಏಳ್ತೀನಿ, ಚೀಲ ಹೊತ್ಕೊಂಡ್ ಹೋಗ್ತೀನಿ,
ರೇಟು ಕೇಳಿ ನಿಲ್ತೀನಿ, ಸುಮ್ನೆ ವಾಪಸ್ ಬರ್ತೀನಿ.’

ಮಾವ: ತೀನಿ, ತೀನಿ, ತೀನಿ, ತೀನಿ. ಇದು ಪ್ರಾಸ ಅಲ್ಲ ಕಣಯ್ಯ, ವ್ಯಾಕರಣ.

ಅಳಿಯ: ಹಾಗಂದ್ರೆ?

ಮಾವ: ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೇಲಿ ಬರುತ್ತೆ. ‘ನಾನು’ ಅಂತ ಶುರು ಮಾಡಿದೋನ ಮಾತೆಲ್ಲ ತೀನಿಯಲ್ಲೇ ಮುಗಿಯೋದು. ‘ಅವನು’ ಅಂದ್ರೆ ತಾನೆ, ತಾನೆ. ನೀನು ಹುಡುಕಿದ್ದಲ್ಲ ಅದು, ಭಾಷೆ ಪುಕ್ಕಟೆ ಕೊಟ್ಟಿದ್ದು. ಇಂಗ್ಲಿಷಿನೋನಿಗೆ ಸಾಲಿನ ಕೊನೇಲಿ ಹೆಚ್ಚಾಗಿ ನಾಮಪದ ನಿಲ್ಲುತ್ತೆ, ಅವನು ಪ್ರಾಸಕ್ಕೆ ತಡಕಾಡಬೇಕು. ಆ ತಡಕಾಟದಲ್ಲೇ ಹೊಸ ಪದ, ಹೊಸ ಅರ್ಥ ಕೈಗೆ ಸಿಗೋದು. ನೀನು ಅವನ ಓಟ ತಗೊಂಡೆ, ಆ ಕಷ್ಟ ತಗೊಳ್ಳಿಲ್ಲ. ಇದು ನಿನ್ನೊಬ್ಬನ ತಪ್ಪಲ್ಲ, ಫೋನಲ್ಲಿ ಬರೋ ಕನ್ನಡ ರ‍್ಯಾಪಿನಲ್ಲಿ ನಾನು ಕೇಳಿದ್ರಲ್ಲಿ ಬಹುಪಾಲು ಹಿಂಗೇ ಐತೆ.

ಅಳಿಯ: ಹಾಗಾದ್ರೆ ಕನ್ನಡದಲ್ಲಿ ಪ್ರಾಸ ಎಲ್ಲಿಡಬೇಕು?

ಮಾವ: ನಮ್ಮೋರು ತಲೇಲಿಟ್ಟಿದ್ರು. ಸಾಲಿನ ಎರಡನೇ ಅಕ್ಷರದಲ್ಲಿ. ಹತ್ತನೇ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ಹಿಡಿದು ಸಾವಿರ ವರ್ಷ ಅದೇ ಕಟ್ಟುಪಾಡು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಆರು ಪ್ರಾಣಿಗಳ ಹೆಸರು ಬೇರೆ. ಬೀಗ ಜಾಸ್ತಿ ಆಯ್ತು ಅಂತ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸ ಬಿಟ್ಟು ಬರೆದ್ರು. ಬಿಟ್ಟಿದ್ದು ಸರಿಯೇ, ಅವತ್ತಿಗೆ ಅದು ಬೇಡಿಯಾಗಿತ್ತು. ಆದ್ರೆ ನಿನಗೆ ಇವತ್ತು ಅದು ಬೇಡಿಯಲ್ಲ, ಆಯುಧ. ಸಾಲಿನ ಹಿಂದೆ ಕ್ರಿಯಾಪದ ತನ್ನ ಪಾಡಿಗೆ ಬಂದು ಬೀಳಲಿ, ನೀನು ಮುಂದೆ ಹೊಡಿ.

ಅಳಿಯ: ತಾಳಿ. ಅಟ್ಟ. ಅಟ್ಟದ… ಕಟ್ಟಿದ… ಕೊಟ್ಟ…
‘ಅಟ್ಟದ ಕಾಯಿಗೆ ಹತ್ತು ತಿಂಗಳ ನಿದ್ದೆ,
ಕಟ್ಟಿದ ಚೀಲದ ಬಾಯಿಗೆ ಅಜ್ಜಿಯ ಗಂಟು,
ಕೊಟ್ಟವನ ಕೈಲಿ ಹರಿದ ಚೀಟಿ.’

ಮಾವ: ನೋಡಿದ್ಯಾ? ತೀನಿ ಹೋಯ್ತು. ಅದರ ಜೊತೆಗೆ ನೀನೂ ಹೋದೆ, ಅಜ್ಜಿ ಬಂದ್ಳು. ಚೀಲದ ಬಾಯಿಗೆ ಅಜ್ಜಿ ಗಂಟು ಹಾಕೋದು ನಿನಗೆ ಹೊಳೆದಿದ್ದೇ ಪ್ರಾಸ ಹುಡುಕ್ತಾ ಹೋಗಿದ್ದಕ್ಕೆ. ಇನ್ನು ಲಯ ಹೇಳು. ನಿಂದು ಎಷ್ಟೆಷ್ಟು ಮಾತ್ರೆ?

ಅಳಿಯ: ನಾವು ಬಾರ್ ಅಂತೀವಿ. ಒಂದು ಆವರ್ತ ಅಂದ್ಕೊಳ್ಳಿ. ಅದರಲ್ಲಿ 4 ಏಟು. ಒಂದೊಂದು ಏಟನ್ನ 4 ಚೂರು ಮಾಡಿದ್ರೆ ಒಟ್ಟು 16 ಜಾಗ. ಮಾತು ಆ 16ರೊಳಗೆ ಕೂರಬೇಕು.

ಮಾವ: ಹಂಗಾದ್ರೆ ನಾಕು ನಾಕು ನಾಕು ನಾಕು. ಪರಿವರ್ಧಿನಿ ಷಟ್ಪದಿ ಸಾಲು ಸರಿಯಾಗಿ ಅಷ್ಟೇ, 16. ಆದ್ರೆ ಅದು ಲೆಫ್ಟ್ ರೈಟ್ ಹೊಡೆದಂಗೆ ನೆಟ್ಟಗೆ ಹೋಗುತ್ತೆ. ಭಾಮಿನಿ ಹಾಕಿ ನೋಡು. ಕುಮಾರವ್ಯಾಸನ ಭಾರತ ಪೂರ್ತಿ ಭಾಮಿನಿಯಲ್ಲೇ ಐತೆ. ಮೂರು ನಾಕು ಮೂರು ನಾಕು.

ಅಳಿಯ: 14. ಅಂದ್ರೆ 16ರಲ್ಲಿ 2 ಉಳಿಯುತ್ತೆ. ತೊಡೆ ಮೇಲೆ ತಾಳ ಹಾಕಿ ಮಾವ, ನಾನು ಮಾತ್ರೆ ಹೇಳ್ತೀನಿ. ತಕಿಟ ತಕದಿಮಿ ತಕಿಟ ತಕದಿಮಿ, ಉಸಿರು. ತಕಿಟ ತಕದಿಮಿ ತಕಿಟ ತಕದಿಮಿ, ಉಸಿರು! ಏಟು ಒಂದು ಕಡೆ ಬೀಳ್ತಾ ಇದೆ, ಮಾತಿನ ಒತ್ತು ಇನ್ನೊಂದು ಕಡೆ ಬೀಳ್ತಾ ಇದೆ. ಕೊನೇಲಿ ಎರಡೂ ಬಂದು ಸೇರ್ಕೊಳ್ತವೆ. ಈ ಓರೆಗೋಸ್ಕರ ನಾವು ತಿಂಗಳುಗಟ್ಟಲೆ ಒದ್ದಾಡ್ತೀವಿ.

ಮಾವ: ಗಮಕಿಗಳು ಉಸಿರು ತಗೊಳ್ಳೋ ಜಾಗ ಅದು. ಇನ್ನು ಮೂರು ಮೂರು ಮೂರು ಮೂರು ಅಂತ ಹೋದ್ರೆ ಭೋಗ ಷಟ್ಪದಿ.

ಅಳಿಯ: ಈಗಿನ ಟ್ರ್ಯಾಪ್ ಅನ್ನೋ ಬಗೆಯ ರ‍್ಯಾಪ್ ಹಾಡುಗಳಲ್ಲಿ ಎಲ್ಲರೂ ಓಡಿಸೋದು ಅದೇ ಮೂರರ ನಡೆ. ನಾನು ಅಮೆರಿಕದ ಅಟ್ಲಾಂಟಾದ ರ‍್ಯಾಪರುಗಳನ್ನ ಕೇಳಿ ಕಲಿತೆ.

ಮಾವ: ಕಲಿತಿದ್ದು ತಪ್ಪಲ್ಲ. ಇಲ್ಲೇ ಇತ್ತು ಅಂತ ಜಂಬ ಪಡೋಕೂ ನಾನು ಹೇಳ್ತಿಲ್ಲ. ಬ್ರಾಂಕ್ಸಿನ ಹುಡುಗರು ಕುಮಾರವ್ಯಾಸನ್ನ ಓದಿ ಹಾಡ್ಲಿಲ್ಲ, ಅವರ ಕಷ್ಟದಿಂದ ಅವರು ಕಂಡ್ಕೊಂಡ್ರು. ನಿನ್ನ ಬಾಯಿಗೆ ಯಾವ ನಡೆ ಹುಟ್ಟಿದಾಗಿಂದ ಒಗ್ಗಿದೆಯೋ ಅದು ನಿನ್ನ ಕಥೆಗೆ ಸಿಗಲಿ ಅಂತ ಹೇಳ್ತಾ ಇದೀನಿ. ಸರಿ, ಕಥೆಗೆ ಬಾ. ಹನ್ನೊಂದರಲ್ಲಿ ಮಾತಾಡೋರು ಯಾರ್ಯಾರು?

ಅಳಿಯ: ನಾನೇ.

ಮಾವ: ಹನ್ನೊಂದರಲ್ಲೂ?

ಅಳಿಯ: ರ‍್ಯಾಪಿನ ರೂಢಿನೇ ಹಾಗೆ. ನಾನು ಯಾರು, ಎಲ್ಲಿಂದ ಬಂದೆ, ಹೇಗೆ ಗೆದ್ದೆ. ಹೆಸರಿಲ್ಲದೋರು ಹೆಸರು ಕೂಗಿ ಹೇಳೋಕೇ ಇದು ಹುಟ್ಟಿದ್ದು. ಅದನ್ನ ಜಂಬ ಅಂತ ತಳ್ಳಿಹಾಕಬೇಡಿ.

ಮಾವ: ತಳ್ಳಿಹಾಕಲ್ಲ. ಆದ್ರೆ ಮರ ಹತ್ತಿ ಕಾಯಿ ಕೆಡವಿದೋನು ಯಾರು? ಮಚ್ಚು ನೆಟ್ಟು ದಿನಕ್ಕೆ ಸಾವಿರಗಟ್ಟಲೆ ಕಾಯಿ ಸುಲಿದೋನು ಯಾರು? ಒಡೆದ ಕೊಬ್ಬರೀನ ಕೆಟ್ಟಿದ್ದು ಒಳ್ಳೇದು ಅಂತ ಆರಿಸಿದ ಹೆಂಗಸರು ಯಾರು? ನಿನ್ನ ಒಂದು ದಿನದ ಕಥೇಲಿ ಅವರೆಲ್ಲ ಬೆಳಗ್ಗೆಯಿಂದ ದುಡಿದವ್ರೆ, ಮೈಕು ಮಾತ್ರ ನಿನ್ನ ಕೈಲೈತೆ. ಹರಿದಾಸರು ಮೂರು ಗಂಟೆ ನಿಂತು ಮಾತಾಡ್ತಾರೆ, ಒಂದು ಸಲ ‘ನಾನು’ ಅಂದ್ರೆ ಅದು ನಲ್ಲತಂಗ, ಇನ್ನೊಂದು ಸಲ ‘ನಾನು’ ಅಂದ್ರೆ ಅದು ಅತ್ತಿಗೆ.

ಅಳಿಯ: ಕೆಂಡ್ರಿಕ್ ಅದನ್ನೂ ಮಾಡಿದ್ದಾರೆ. ಅದೇ ಆಲ್ಬಮ್ಮಲ್ಲಿ ಹನ್ನೆರಡು ನಿಮಿಷದ ಒಂದು ಹಾಡಿದೆ. ಮೊದಲು, ಸತ್ತುಹೋದ ಗೆಳೆಯನ ತಮ್ಮ ಮಾತಾಡ್ತಾನೆ. ನನ್ನ ಕಥೆ ಹೇಳು ಅಂತಿರುವಾಗಲೇ ಗುಂಡಿನ ಸದ್ದು, ಮಾತು ಅಲ್ಲಿಗೇ ಕಡಿದುಹೋಗುತ್ತೆ. ಆಮೇಲೆ ಒಬ್ಬ ಹೆಣ್ಣುಮಗಳು. ಅವಳ ಅಕ್ಕನ ಬದುಕನ್ನ ಹಿಂದೆ ಒಂದು ಹಾಡಾಗಿ ಮಾಡಿದ್ದಕ್ಕೆ ಹಾಡುಗಾರನ ಮೇಲೇ ಸಿಟ್ಟು. ನಾನು ಮಾಸಿಹೋಗಲ್ಲ ಅಂತ ಹೇಳ್ತಾ ಹೇಳ್ತಾ ಅವಳ ದನಿ ಸಣ್ಣಗಾಗುತ್ತಾ ಹೋಗಿ ಕೇಳಿಸದೇ ಹೋಗುತ್ತೆ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ದನಿ ಮಾಸೋದನ್ನ ಯಂತ್ರದಲ್ಲೇ ಮಾಡಿದಾರೆ ಅಂದೆ. ಮಾತು ಒಂದು ಹೇಳುತ್ತೆ, ಸದ್ದು ಇನ್ನೊಂದು ಹೇಳುತ್ತೆ. ನಮ್ಮ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನೋರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿ ಅಂತ ಪುಟಗಟ್ಟಲೆ ಬಿಡಿಸಿದ್ದು ಇದನ್ನೇ. ಇದೇ ತಾಲ್ಲೂಕಿನೋರು, 1906ರಲ್ಲಿ ಹುಟ್ಟಿದೋರು. ಅವರಿಗೆ ಈ ಹಾಡು ಕೇಳಿಸಬೇಕಿತ್ತು. ಆದ್ರೆ ಆ ಹೆಣ್ಣುಮಗಳ ಸಿಟ್ಟು ಮರೀಬೇಡ. ಅದು ನಿನಗೂ ಹೇಳಿದ ಮಾತು.

ಅಳಿಯ: ಹೇಗೆ?

ಮಾವ: ನಿನ್ನ ಪಟ್ಟೀಲಿ ಗಣೆ ಇರಲಿಲ್ಲ. ಆದ್ರೆ ನಿನ್ನೆ ಫೋನಲ್ಲಿ ಒಂದು ಸದ್ದು ಕೇಳಿಸಿದೆಯಲ್ಲ, ಅದು ಗಣೆ.

ಅಳಿಯ: ಹೌದು. ಎಲ್ಲೋ ಒಂದು ವಿಡಿಯೋದಿಂದ ಎರಡು ಸೆಕೆಂಡು ಕತ್ತರಿಸಿ ತಗೊಂಡೆ. ಉದ್ದ ಬಿದಿರು, ಆ ಗಾಳಿ ತುಂಬಿದ ದನಿ ಬೇರೆ ಯಾವ ಕೊಳಲಲ್ಲೂ ಬರಲ್ಲ.

ಮಾವ: ಬರಲ್ಲ. ಅದು ಜುಂಜಪ್ಪನದು. ನಮ್ಮ ಸುತ್ತಿನ ಕಾಡುಗೊಲ್ಲರ ಹಟ್ಟಿಗಳಲ್ಲಿ, ಸಿರಾ, ಹಿರಿಯೂರು ಕಡೆ, ಜುಂಜಪ್ಪ ಬರೀ ಕಥಾನಾಯಕ ಅಲ್ಲ, ದೇವರು. ದನ ಕಾದೋನು, ಬಡಮೈಲ ಅಂತ ಹೋರಿ ಸಾಕಿದೋನು, ಗಣೆ ಊದಿದೋನು. ಅವನ ಕಾವ್ಯ ಹಾಡೋದಕ್ಕೆ ಹೊತ್ತು ಗೊತ್ತು ಐತೆ, ಮಡಿ ಐತೆ. ನಿನಗದು ಎರಡು ಸೆಕೆಂಡು, ಅವರಿಗದು ದೇವಸ್ಥಾನ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಒಂದಕ್ಷರ ಬರ್ತಿರಲಿಲ್ಲ, ಸಾವಿರಗಟ್ಟಲೆ ಪದ ನೆನಪಲ್ಲಿತ್ತು. ಕೃಷ್ಣಮೂರ್ತಿ ಹನೂರರು ಆಕೆ ಹತ್ರ ಕೂತು, ಕೇಳಿ, ಆಕೆ ಹೆಸರು ಹೇಳಿ ಬರೆದ್ರು. ನಾಡೋಜ ಪದವಿ ಆಕೆಗೆ ಬಂತು. ಹಂಗೆ ಕೂತು ಕೇಳೋದು ಒಂದು, ಕತ್ತರಿಸಿ ತಗೊಳ್ಳೋದು ಒಂದು.

ಅಳಿಯ: ತಮಿಳಿನ ಅರಿವು ಅವರ ಕಥೆ ನೆನಪಾಯ್ತು. 2021ರಲ್ಲಿ ‘ಎಂಜಾಯ್ ಎಂಜಾಮಿ’ ಅಂತ ಹಾಡು ಬಂತಲ್ಲ, ಅದರ ಬೇರು ಅವರಜ್ಜಿ ವಳ್ಳಿಯಮ್ಮಾಳ್. ಸಿಲೋನಿನ ಟೀ ತೋಟದಲ್ಲಿ ದುಡಿದು, ತುಂಡು ಭೂಮಿ ಇಲ್ಲದೆ ವಾಪಸ್ ಬಂದೋರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಲಕ್ಷಗಟ್ಟಲೆ ಜನ ಹಾಗೆ ಬಂದ್ರು. ಅಜ್ಜಿಯ ನೆನಪು, ಸಾವಿನ ಮನೆಯ ಒಪ್ಪಾರಿ ಹಾಡು, ರ‍್ಯಾಪು ಮೂರೂ ಒಂದೇ ಹಾಡಲ್ಲಿ. ವಿಡಿಯೋದಲ್ಲಿ ಅಜ್ಜಿಯನ್ನೂ ಕೂರಿಸಿದ್ರು. ಆದ್ರೆ ಹಾಡು ಜಗತ್ತೆಲ್ಲ ಸುತ್ತಿದ ಮೇಲೆ ಒಂದು ಪತ್ರಿಕೆಯ ಮುಖಪುಟದಲ್ಲಿ ಬರೆದೋನ ಮುಖವೇ ಇರಲಿಲ್ಲ. ದೊಡ್ಡ ಗಲಾಟೆ ಆಯ್ತು. ಆಮೇಲೆ ಅವರು ಮಾಡಿದ ಆಲ್ಬಮ್ಮಿಗೆ ‘ವಳ್ಳಿಯಮ್ಮಾ ಪೇರಾಂಡಿ’ ಅಂತಲೇ ಹೆಸರಿಟ್ರು. ವಳ್ಳಿಯಮ್ಮನ ಮೊಮ್ಮಗ ಅಂತ.

ಮಾವ: ಆ ಹೆಸರಲ್ಲೇ ಎಲ್ಲ ಐತೆ. ಗಣೆಯ ತುಣುಕು ತೆಗೆದುಹಾಕು. ಬೇಕೇ ಬೇಕು ಅಂದ್ರೆ ಹಟ್ಟಿಗೆ ಹೋಗೋಣ, ನಾನೂ ಬರ್ತೀನಿ. ಕೊಟ್ರೆ ಹೆಸರು ಹಾಕು, ದುಡ್ಡು ಬಂದ್ರೆ ಪಾಲು ಕೊಡು. ಬ್ಯಾಡ ಅಂದ್ರೆ ಗಿಟುಕು ಐತಲ್ಲ, ಅದು ನಮ್ಮದೇ. ಇನ್ನೊಂದು ಮಾತು. ಏಳನೇ ಹಾಡು ಅಂತ ಏನೋ ಪೇಪರ್ ತೋರಿಸಿದೆ, ರೇಟಿನ ಮೇಲೆ. ಅದು ಹಾಡಲ್ಲ, ಭಾಷಣ.

ಅಳಿಯ: ಅದರಲ್ಲಿ ಸುಳ್ಳೇನಿದೆ ಮಾವ? 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಪೇಟೇಲಿ 8,000ದ ಆಸುಪಾಸು. ಎಲ್ಲ ಅಂಕಿ ಹಾಕಿದೀನಿ.

ಮಾವ: ಸುಳ್ಳು ಅನ್ನಲಿಲ್ಲ. ಅಂಕಿ ನೆನಪಲ್ಲಿ ಉಳಿಯಲ್ಲ ಅಂದೆ. ಆ ವರ್ಷ ಏನಾಯ್ತು ಕೇಳು. ಸರ್ಕಾರದ ಖರೀದಿಗೆ ಹೆಸರು ಬರೆಸಿ ಕಾಯೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನಿಮ್ಮಜ್ಜಿಗೆ ಆಸ್ಪತ್ರೆ ಆಯ್ತು. ಅಟ್ಟದಲ್ಲಿದ್ದುದನ್ನೆಲ್ಲ ಒಂದೇ ದಿನ ಇಳಿಸಿ ಪೇಟೆಗೆ ಹಾಕಿದೆ. ಕೇಳಿದ ರೇಟಿಗೆ. ವಾಪಸ್ ಬಂದು ನೋಡ್ತೀನಿ, ಅಜ್ಜಿ ಖಾಲಿ ಅಟ್ಟ ನೋಡ್ಕೊಂಡು ಕೂತವ್ಳೆ. ‘ನನಗೋಸ್ಕರ ಹಸಿಕಾಯಿನೂ ಇಳಿಸಿಬಿಟ್ಯಾ?’ ಅಂದ್ಳು. ಅಷ್ಟೇ ಅಂದಿದ್ದು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಅಷ್ಟೊತ್ತಿಗೆ ಕಪ್ಪುತಲೆ ಹುಳ, ಬಿಳಿನೊಣ, ರಸ ಸೋರೋದು ಎಲ್ಲ ಸೇರ್ಕೊಂಡು ಮರದಲ್ಲಿ ಕಾಯೇ ಅರ್ಧ ಆಗಿತ್ತು. ಈಗ ಹೇಳು, ನಿನ್ನ ಏಳನೇ ಹಾಡು 11,750 ಅಂತ ಶುರುವಾಗಬೇಕಾ, ಖಾಲಿ ಅಟ್ಟದಿಂದ ಶುರುವಾಗಬೇಕಾ?

ಅಳಿಯ: ಖಾಲಿ ಅಟ್ಟಕ್ಕೆ ಸದ್ದಿರಲ್ಲ.

ಮಾವ: ಹಂಗಾದ್ರೆ ಅಲ್ಲಿ ನಿನ್ನ ಗಡಗಡ ನಿಲ್ಲಿಸು. ಆರು ಹಾಡು ಗಿಟುಕಿನ ತಾಳ ಕೇಳಿದೋರಿಗೆ ಏಳನೇದರಲ್ಲಿ ಅದು ಇಲ್ಲ ಅಂದಾಗ ತಾನಾಗೇ ಗೊತ್ತಾಗುತ್ತೆ. ನಾಯ್ಡು ಅವರು ಬಾವಿ ಹತ್ರ ಹಾಡು ನಿಲ್ಲಿಸಿದ್ದು ಅದಕ್ಕೇ.

ಅಳಿಯ: …ಬರ್ಕೊಂಡೆ. ಗಣಿ ಲಾರಿಗಳ ಮೇಲೂ ಒಂದಿದೆ. ಗರಿ ಮೇಲೆಲ್ಲ ಕೆಂಪು ಧೂಳು ಕೂತಿರ್ತಿತ್ತು ಅಂತ ಅಮ್ಮ ಹೇಳ್ತಿದ್ದಳು.

ಮಾವ: 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಆದ್ಮೇಲೆ ನಮ್ಮ ಜಿಲ್ಲೇಲೂ ಅಗೆಯೋದು ನಿಲ್ಲಿಸ್ತು. ಅದು ಬೇರೆಯದೇ ದೊಡ್ಡ ಕಥೆ. ಒಂದು ದಿನದ ಕಥೆಗೆ ಎಲ್ಲ ತುರುಕಬೇಡ. ಇನ್ನೊಂದು ಆಲ್ಬಂ ಮಾಡು.

ಅಳಿಯ: ಇನ್ನೊಂದು ಸಮಸ್ಯೆ ಇದೆ. ಗೆಳೆಯರು ಹೇಳ್ತಾರೆ, ಹನ್ನೊಂದೂ ಒಟ್ಟಿಗೆ ಬಿಟ್ರೆ ಯಾರೂ ಕೇಳಲ್ಲ, ವಾರಕ್ಕೊಂದು ಬಿಡು, ಚೆನ್ನಾಗಿರೋ ಮೂವತ್ತು ಸೆಕೆಂಡು ರೀಲ್ಸಿಗೆ ಹಾಕು ಅಂತ. ಫೋನಲ್ಲಿ ಜನ ಹಾಡನ್ನ ಹಿಂದೆ ಮುಂದೆ ಕಲೆಸಿ ಕೇಳ್ತಾರೆ. ಏಳನೇದು ಮೊದಲು ಬಂದ್ರೆ ಅಟ್ಟ ಖಾಲಿಯಾಗಿದ್ದೇ ಗೊತ್ತಾಗಲ್ಲ.

ಮಾವ: ನಲ್ಲತಂಗನ್ನ ಬಾವಿಯಿಂದ ಶುರು ಮಾಡಿದ್ರೆ ನಿಮ್ಮಮ್ಮ ನನ್ನ ಕೈ ಹಿಡೀತಿರಲಿಲ್ಲ. ಒಟ್ಟಿಗೇ ಬಿಡು. ಕಮ್ಮಿ ಜನ ಕೇಳಲಿ. ಅವಸರ ಮಾಡಿ ಒಡೆದ್ರೆ ಏನಾಗುತ್ತೆ ಅಂತ ಆಗ್ಲೇ ಹೇಳ್ದೆ. ಮೊದಲು ನಮ್ಮೂರಲ್ಲಿ ಹಾಕೋಣ. ಮೈಕ್ ಸೆಟ್ಟಿನವನು ಇನ್ನೂ ಅವ್ನೆ. ಮರಕ್ಕೆ ಎರಡು ಹಾರ್ನ್ ಕಟ್ಟಿಸ್ತೀನಿ, ದುಡ್ಡು ನಂದು. ಮರ ಹತ್ತೋರು, ಸುಲಿಯೋರು, ಆರಿಸೋ ಹೆಂಗಸರು ಕೂತು ಮೊದಲನೇದರಿಂದ ಹನ್ನೊಂದರ ತನಕ ಕೇಳಲಿ. ಅವರು ಮಧ್ಯೆ ಎದ್ದು ಹೋದ್ರೆ ಎಲ್ಲಿ ಎದ್ದು ಹೋದ್ರು ಅಂತ ಗುರುತು ಹಾಕ್ಕೋ, ಅಲ್ಲಿ ತಿದ್ದು.

ಅಳಿಯ: ಅವರ ದನಿಯೇ ಬೇಕು ಅನ್ನಿಸ್ತಾ ಇದೆ ಮಾವ. ನಾನು ಅವರ ಹಾಗೆ ಮಾತಾಡೋದಲ್ಲ, ಅವರೇ ಮಾತಾಡಬೇಕು. ಎಲ್ಲಿಂದ ಶುರು ಮಾಡಲಿ?

ಮಾವ: ಒಳಗೆ ಮಲಗವ್ಳಲ್ಲ, ನಿಮ್ಮಜ್ಜಿ, ಅವಳಿಂದ. ಎಂಬತ್ತೆರಡು ಅವಳಿಗೆ. ಬೆಳಗ್ಗೆ ಆರಕ್ಕೆಲ್ಲ ಎದ್ದು ಪೊರಕೆ ಕಡ್ಡಿ ಸೀಳಕ್ಕೆ ಕೂರ್ತಾಳೆ, ಕೈ ಒಂದೇ ಲಯದಲ್ಲಿ ಓಡುತ್ತೆ, ಬಾಯಲ್ಲಿ ಏನಾದ್ರೂ ಒಂದು ಪದ ಇರುತ್ತೆ. ಕಾಫಿ ತಗೊಂಡು ಹೋಗಿ ಪಕ್ಕದಲ್ಲಿ ಕೂರು, ನೀನೂ ಎರಡು ಗರಿ ಸೀಳು. ರೆಕಾರ್ಡ್ ಮಾಡ್ಲಾ ಅಂತ ಮೊದಲು ಕೇಳು. ಹ್ಞೂಂ ಅಂದ್ರೆ ಆಮೇಲೆ ಅದನ್ನ ಜೇಬಿಂದ ತೆಗಿ.